ಮೂರು ಸೀಮೆಯ ಬಾಟಲಿಗಳು: ಕರ್ನಾಟಕದ ಸಣ್ಣ ವೈನರಿಗಳ ರುಚಿ ನೋಡಿದಾಗ

ತೀರ್ಪು ಮೊದಲೇ ಹೇಳಿಬಿಡೋಣ. ಕರ್ನಾಟಕದ ಸಣ್ಣ ವೈನರಿಗಳ ಕೆಂಪು ವೈನಿಗೆ ಧೈರ್ಯವಾಗಿ ದುಡ್ಡು ಕೊಡಬಹುದು. ಬಿಳಿ ವೈನು ಹೊಸದಾಗಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಗುಲಾಬಿ ಬಣ್ಣದ ರೋಸೆ ವೈನುಗಳಲ್ಲಿ ಮುಕ್ಕಾಲು ಪಾಲು ನೋಡುವುದಕ್ಕೆ ಚೆಂದ, ಅಷ್ಟೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನನ್ನು ಮೂಗು ಮುರಿಯದೆ, ಚೆನ್ನಾಗಿ ತಣ್ಣಗೆ ಮಾಡಿ ಒಮ್ಮೆ ಕುಡಿದು ನೋಡಿ. ಇಷ್ಟೂ ಮಾತಿಗೆ ಒಂದು ಷರತ್ತಿದೆ: ಲೇಬಲ್ಲಿನಲ್ಲಿ ಹೆಸರಿಗಿಂತ ಮೊದಲು ತಯಾರಿಕೆಯ ತಿಂಗಳನ್ನು ಓದಬೇಕು. ತೋಟದ ಬಾಗಿಲಲ್ಲಿ ಸೊಗಸಾಗಿದ್ದ ವೈನು ತಗಡಿನ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದು ಬಂದರೆ ಅದು ಬೇರೆಯೇ ವಸ್ತು.

ರಾಜ್ಯದಲ್ಲಿ ವೈನ್ ದ್ರಾಕ್ಷಿಗೆ ಮೂರು ಸೀಮೆ ಎಂದು ಹೇಳುವ ರೂಢಿ ಇದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸೇರಿದ ನಂದಿ ಕಣಿವೆ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ಕೃಷ್ಣಾ ಕಣಿವೆ. ಚನ್ನಪಟ್ಟಣದಿಂದ ಮೈಸೂರಿನತ್ತ ಹರಡಿದ ಕಾವೇರಿ ಕಣಿವೆ. 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ತೋಟ ಶುರುವಾಗಿ, ಆಮೇಲೆ ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗೆ ಬಂದು, ಗ್ರೋವರ್‌ನ ಲಾ ರಿಸರ್ವ್ ಎಂಬ ಕೆಂಪು ವೈನು ಹೆಸರು ಮಾಡಿತು. ಇವತ್ತಿಗೂ ಆ ಸೀಮೆಯ ಕೆಂಪು ವೈನಿಗೆ ಅದೇ ಅಳತೆಗೋಲು. ಗ್ರೋವರ್ ಈಗ ಸಣ್ಣದಲ್ಲ, ಆದ್ದರಿಂದ ಇಲ್ಲಿ ಹೋಲಿಕೆಗೆ ಮಾತ್ರ ಬರುತ್ತದೆ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ಸಣ್ಣ ವೈನರಿಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ವೈನ್ ಮಂಡಳಿ ನಡೆಸುವ ದ್ರಾಕ್ಷಾರಸ ಉತ್ಸವಗಳಲ್ಲಿ ಇವುಗಳ ಮಳಿಗೆ ಸಾಲಾಗಿ ಸಿಗುತ್ತವೆ. ಉಳಿದ ದಿನಗಳಲ್ಲಿ ಹುಡುಕಬೇಕು. ನಮ್ಮ ಊರುಗಳಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ಬ್ರಾಂದಿ, ವಿಸ್ಕಿ ಎಲ್ಲ ಸಿಗುತ್ತವೆ, ವೈನೊಂದೇ ಸಿಗುವುದಿಲ್ಲ ಎನ್ನುವುದು ಹಳೆಯ ತಮಾಷೆ.

ಗ್ಲಾಸಿನಲ್ಲಿ ಸಿಗುವ ರುಚಿಯನ್ನು ಅರ್ಥ ಮಾಡಿಕೊಳ್ಳಲು ತೋಟದ ಒಂದು ಸಂಗತಿ ಗೊತ್ತಿರಬೇಕು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಕತ್ತರಿಸುವುದು: ಬೇಸಿಗೆಯಲ್ಲಿ, ಏಪ್ರಿಲ್ ಆಸುಪಾಸು ಕಡ್ಡಿ ಬೆಳೆಸಲು ಒಂದು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕಾಯಿ ಹಿಡಿಸಲು ಇನ್ನೊಂದು. ಕೊಯ್ಲು ಫೆಬ್ರುವರಿಯಿಂದ ಏಪ್ರಿಲ್ ಒಳಗೆ. ಯುರೋಪಿನಲ್ಲಿ ಹಣ್ಣು ಮಾಗುವಾಗ ಹವೆ ತಂಪಾಗುತ್ತಾ ಹೋಗುತ್ತದೆ, ಇಲ್ಲಿ ಕಾಯುತ್ತಾ ಹೋಗುತ್ತದೆ. ಸಕ್ಕರೆ ದಡದಡನೆ ಏರುತ್ತದೆ, ಹುಳಿ ಇಳಿಯುತ್ತದೆ, ಸಿಪ್ಪೆ ಮತ್ತು ಬೀಜ ಮಾತ್ರ ಇನ್ನೂ ಹಸಿ. ಸಕ್ಕರೆ 24 ಬ್ರಿಕ್ಸ್ (ರಸದ ಸಕ್ಕರೆಯನ್ನು ಶೇಕಡಾದಲ್ಲಿ ಹೇಳುವ ಅಳತೆ) ಮುಟ್ಟಿತೆಂದು ಕೊಯ್ದರೆ ಆಲ್ಕೋಹಾಲು ಶೇ 13.5ರ ಸುತ್ತ ಬಂದು ನಿಲ್ಲುತ್ತದೆ, ಜೊತೆಗೆ ಬಾಳೆಕಾಯಿ ಸಿಪ್ಪೆಯಂಥ ಹಸಿ ಒಗರು. ಬೀಜ ಕಂದು ಬಣ್ಣಕ್ಕೆ ತಿರುಗಲಿ ಎಂದು ಕಾದರೆ ಹಣ್ಣು ಜಾಮಿನ ಕಡೆ ವಾಲುತ್ತದೆ. ನಡುವೆ ಒಂದು ಅಕಾಲ ಮಳೆ ಬಿದ್ದರೆ ಕಾಳು ಒಡೆದು ಗೊನೆಯೇ ಕೊಳೆಯುತ್ತದೆ. ಒಳ್ಳೆಯ ವೈನರಿ ಈ ಹತ್ತು ಹದಿನೈದು ದಿನದ ಹಗ್ಗದ ಮೇಲಿನ ನಡಿಗೆಯನ್ನು ಹೇಗೆ ದಾಟಿತು ಎನ್ನುವುದು ಮೊದಲ ಗುಟುಕಿನಲ್ಲೇ ತಿಳಿಯುತ್ತದೆ.

ನಂದಿ ಕಣಿವೆಯ ಬಲ ಇರುವುದು ರಾತ್ರಿಯಲ್ಲಿ. ಬೆಟ್ಟದ ತುದಿ 1,478 ಮೀಟರ್, ಕೆಳಗಿನ ತೋಟಗಳು ಸುಮಾರು 900 ಮೀಟರಿನ ಬಯಲಲ್ಲಿ. ಹಗಲು ಎಷ್ಟೇ ಕಾದರೂ ಮಾಗುವ ಕಾಲದ ರಾತ್ರಿ ತಣ್ಣಗಿರುತ್ತದೆ, ಹುಳಿ ಅಷ್ಟು ಬೇಗ ಕರಗುವುದಿಲ್ಲ. ಇದರ ಲಾಭ ಹೆಚ್ಚು ಪಡೆಯುವ ತಳಿ ಶಿರಾಜ್; ಸಿರಾ ಎಂದು ಬರೆದಿದ್ದರೂ ಅದೇ ದ್ರಾಕ್ಷಿ. ಚಿಕ್ಕಬಳ್ಳಾಪುರ ಕಡೆಯ ಎಸ್‌ಡಿಯು ವೈನರಿಯ ‘ದೇವ’ ಸಾಲಿನ ಸಿರಾ ಈ ಸೀಮೆಯನ್ನು ಪರಿಚಯಿಸಿಕೊಳ್ಳಲು ತಕ್ಕ ಬಾಟಲಿ. ಬಣ್ಣ ಗಾಢ, ನೇರಳೆ ಹಣ್ಣಿನ ರಸದಂತೆ ಅಂಚಿನಲ್ಲಿ ಸ್ವಲ್ಪ ನೀಲಿ. ಗ್ಲಾಸು ಆಡಿಸದೆ ಮೂಗಿಗಿಟ್ಟರೆ ಕಪ್ಪು ಹಣ್ಣು. ಆಡಿಸಿದ ಮೇಲೆ ಕಾಳುಮೆಣಸಿನ ಘಮ. ಕುಡಿದರೆ ನೇರಳೆ ತಿಂದಾಗ ನಾಲಿಗೆಯ ಬದಿ ಹಿಡಿಯುವಂಥ ಒಗರು, ಆದರೆ ಒರಟಲ್ಲ. ಅದೇ ವೈನರಿಯ ರಿಸರ್ವ ಬಾಟಲಿಯಲ್ಲಿ ಓಕ್ ಮರದ ಕೆಲಸ ಜಾಸ್ತಿ, ವೆನಿಲಾ ಮತ್ತು ಸುಟ್ಟ ಕಾಯಿಯ ವಾಸನೆ ಮುಂದೆ ಬರುತ್ತದೆ. ಇದನ್ನು ತೆರೆದು ಒಂದು ಗಂಟೆ ಬಿಡದೆ ತೀರ್ಪು ಕೊಡಬೇಡಿ. ನಮ್ಮ ಆಯ್ಕೆ ಕೇಳಿದರೆ, ಊಟದ ಜೊತೆಗೆ ಕಡಿಮೆ ಬೆಲೆಯ ‘ದೇವ’ವೇ ಹೆಚ್ಚು ಹೊಂದುತ್ತದೆ.

ಓಕ್ ಬಗ್ಗೆ ಇಲ್ಲೇ ಒಂದು ಮಾತು. 225 ಲೀಟರಿನ ಆಮದು ಪೀಪಾಯಿ ದುಬಾರಿ, ನಾಲ್ಕೈದು ಕೊಯ್ಲಿನ ಮೇಲೆ ಅದು ವಾಸನೆ ಕೊಡುವುದನ್ನು ನಿಲ್ಲಿಸುತ್ತದೆ. ಸಣ್ಣ ವೈನರಿಗಳು ಸ್ಟೀಲ್ ಟ್ಯಾಂಕಿಗೇ ಓಕ್ ಚಕ್ಕೆಗಳನ್ನು ಚೀಲದಲ್ಲಿ ಇಳಿಬಿಡುವುದುಂಟು. ಅದು ಮೋಸವಲ್ಲ, ಆದರೆ ಗುರುತು ಹಿಡಿಯಬಹುದು: ಪೀಪಾಯಿಯ ಓಕ್ ಹಣ್ಣಿನೊಳಗೆ ಬೆರೆತಿರುತ್ತದೆ, ಚಕ್ಕೆಯ ಓಕ್ ಮೇಲೆ ತೇಲುತ್ತದೆ. ಬಾಯಲ್ಲಿ ಕೊನೆಗೆ ಬಡಗಿ ಅಂಗಡಿಯ ಮರದ ಪುಡಿ ಮತ್ತು ಒಣ ಕಹಿ ಉಳಿದರೆ ಚಕ್ಕೆ ಹೆಚ್ಚು ದಿನ ಕೂತಿದೆ ಎಂದರ್ಥ.

ಈ ಇಡೀ ಸಾಲಿನಲ್ಲಿ ಅಚ್ಚರಿಯ ಬಾಟಲಿ ಸಿಗುವುದು ಕೊಪ್ಪಳ ಜಿಲ್ಲೆಯಿಂದ. ಹಂಪಿ ಹಿಲ್ಸ್ ಎಂದು ಲೇಬಲ್ ಹಾಕುವ ಕೃಷ್ಮಾ ಎಸ್ಟೇಟ್ಸ್ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ತೋಟ. ನಂದಿಗಿಂತ ಕೆಳಗಿನ, ಹೆಚ್ಚು ಒಣಗಿದ, ಕಲ್ಲುಬಂಡೆಯ ಸೀಮೆ. ಇಂಥ ಕಡೆ ಇಟಲಿಯ ಸಾಂಜೊವೇಸೆ ತಳಿ ಹಾಕಿದ್ದು ಜಾಣತನ, ಏಕೆಂದರೆ ಕಾವಿನಲ್ಲೂ ಹುಳಿಯನ್ನು ಕೈಬಿಡದ ತಳಿ ಅದು. ಬಣ್ಣ ತೆಳು, ಗ್ಲಾಸಿನ ಆಚೆ ಬದಿಯ ಬೆರಳು ಕಾಣುತ್ತದೆ. ಇದನ್ನು ನೋಡಿ ‘ನೀರು ನೀರಾಗಿದೆ’ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಬಾಯಿಗೆ ಹಾಕಿದ ಮೇಲೆ ಹುಳಿ ಚೆರ್ರಿ, ಸ್ವಲ್ಪ ಒಣಗಿದ ಟೊಮೆಟೊ, ಮುರುಗಲು ಸಿಪ್ಪೆ ಜಗಿದಂಥ ಚುರುಕು. ಎಣ್ಣೆ ಊಟದ ನಡುವೆ ನಾಲಿಗೆಯನ್ನು ತೊಳೆದಿಡುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿಯ ಜೊತೆಗೆ ಇದನ್ನು ಮೀರಿಸುವ ದೇಸಿ ಕೆಂಪು ವೈನು ಸದ್ಯಕ್ಕಿಲ್ಲ. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೂ ಇದೇ ಸರಿ: ಹುಳಿ ಪದಾರ್ಥದ ಎದುರು ಹುಳಿ ಕಡಿಮೆಯ ವೈನಿಟ್ಟರೆ ವೈನು ಸಪ್ಪೆ ಹೊಡೆಯುತ್ತದೆ. ಅದೇ ಎಸ್ಟೇಟಿನ ಕ್ಯಾಬರ್ನೆ ಸೋವಿನ್ಯೋ ಇದಕ್ಕಿಂತ ಗಟ್ಟಿ, ಒಗರು ಬಿಗಿ. ಎಳೆಯದಾಗಿ ಕುಡಿಯುವುದಕ್ಕಿಂತ ಎರಡು ಮೂರು ವರ್ಷ ತಂಪಿನಲ್ಲಿಟ್ಟು ಕುಡಿಯುವ ಬಾಟಲಿ. ತಂಪಿನಲ್ಲಿಡಲು ಜಾಗ ಇಲ್ಲದವರು ಸಾಂಜೊವೇಸೆಯನ್ನೇ ಕೊಳ್ಳಲಿ.

ಕಾವೇರಿ ಕಣಿವೆ ಬೇರೆ ಥರ. ಮೈಸೂರು ಕಡೆಯ ಆಲ್ಪೈನ್ ವೈನರಿ ಫ್ರಾನ್ಸಿನ ಬೋರ್ದೊ ಸೀಮೆಯ ವೈನ್ ಸಲಹೆಗಾರ ಸ್ತೆಫಾನ್ ದೆರೆನೊಂಕೂರ್ ಅವರನ್ನು ಕರೆಸಿಕೊಂಡು ಕೆಲಸ ಶುರು ಮಾಡಿತ್ತು. ಆ ವೈನರಿಯ ವಿಂದಿವಾ ಸಾಲಿನ ಕೆಂಪು ವೈನುಗಳಲ್ಲಿ ಮಾಗಿದ ಹಣ್ಣೇ ಮುಂದು, ಮೆಣಸಿನ ಘಾಟು ನಂದಿಯಷ್ಟಿಲ್ಲ. ಚನ್ನಪಟ್ಟಣದ ಹೆರಿಟೇಜ್ ವೈನರಿ ಬೆಂಗಳೂರು–ಮೈಸೂರು ದಾರಿಯಲ್ಲೇ ಇರುವುದರಿಂದ ಮೊದಲ ಸಲ ವೈನರಿ ನೋಡುವವರಿಗೆ ಅನುಕೂಲ: ಟ್ಯಾಂಕು, ಪ್ರೆಸ್ಸು, ಪೀಪಾಯಿ ತೋರಿಸಿ ಕೊನೆಗೆ ಸಾಲಾಗಿ ರುಚಿ ನೋಡಿಸುತ್ತಾರೆ. ತಜ್ಞರಿಗೆ ಅಲ್ಲಿ ಹೊಸತು ಹೆಚ್ಚಿಲ್ಲ, ಮನೆಮಂದಿಯ ಜೊತೆ ಹೋಗುವವರಿಗೆ ಧಾರಾಳವಾಗಿ ಸಾಕು.

ಬೆಂಗಳೂರು ಬ್ಲೂ ಬಗ್ಗೆ ನಾಲ್ಕು ಮಾತು ಹೆಚ್ಚೇ ಆಡಬೇಕು. 2013ರಲ್ಲಿ ಭೌಗೋಳಿಕ ಗುರುತು ಪಡೆದ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿ ಇದು. ಹಾಪ್‌ಕಾಮ್ಸ್ ಮಳಿಗೆಯ ಮುಂದೆ ಹಾದರೆ ಕಾಣುವ ಮೊದಲೇ ವಾಸನೆ ಬರುತ್ತದಲ್ಲ, ಅದೇ. ಒತ್ತಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುತ್ತದೆ. ಯುರೋಪಿನ ವೈನ್ ದ್ರಾಕ್ಷಿಗಳು ವಿನಿಫೆರಾ ಜಾತಿಯವು. ಇದರಲ್ಲಿ ಅಮೆರಿಕದ ಲಬ್ರುಸ್ಕಾದ ರಕ್ತವಿದೆ. ಅದರ ಗುರುತು ಮಿಥೈಲ್ ಆಂಥ್ರನಿಲೇಟ್ ಎಂಬ ವಸ್ತು, ದ್ರಾಕ್ಷಿ ರುಚಿಯ ಪೆಪ್ಪರ್‌ಮಿಂಟು, ಸೋಡಾಗಳಲ್ಲಿ ಹಾಕುವ ವಾಸನೆಯೂ ಅದೇ. ಹಾಗಾಗಿ ಈ ವೈನು ಕುಡಿದವರೆಲ್ಲ ‘ಇದು ನಿಜವಾಗಿ ದ್ರಾಕ್ಷಿ ಥರ ಇದೆ’ ಎನ್ನುತ್ತಾರೆ, ವೈನ್ ಓದಿಕೊಂಡವರು ಅದನ್ನೇ ದೋಷ ಎನ್ನುತ್ತಾರೆ. ಹಣ್ಣಿನ ಸಕ್ಕರೆ ಬಹುತೇಕ 16–18 ಬ್ರಿಕ್ಸಿಗೆ ನಿಲ್ಲುವುದರಿಂದ ಅದರಷ್ಟಕ್ಕೆ ಬಿಟ್ಟರೆ ಶೇ 9–10ರ ಆಲ್ಕೋಹಾಲು, ತೀಕ್ಷ್ಣ ಹುಳಿ. ಅದನ್ನು ಮುಚ್ಚಲು ಸಕ್ಕರೆ ಸೇರಿಸುತ್ತಾರೆ, ‘ಪೋರ್ಟ್’ ಎಂದು ಕರೆಯುತ್ತಾರೆ; ಪೋರ್ಚುಗಲ್ಲಿನ ಪೋರ್ಟಿಗೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಅಷ್ಟೆ. ಬೆಂಗಳೂರಿನ ಕ್ರಿಸ್ಮಸ್ ಮನೆಗಳಲ್ಲಿ ಜಾಡಿಯಲ್ಲಿ ಹಾಕುವ ವೈನಿಗೂ ಇದೇ ಹಣ್ಣು.

ಈ ಬಾಟಲಿಯನ್ನು ಕೋಣೆಯ ಕಾವಿನಲ್ಲಿ ಕುಡಿದರೆ ಕೆಮ್ಮಿನ ಔಷಧಿ. 8–10 ಡಿಗ್ರಿಗೆ ಇಳಿಸಿ 50 ಮಿಲಿಯಷ್ಟು ಸಣ್ಣ ಗ್ಲಾಸಿನಲ್ಲಿ ಕೊಟ್ಟರೆ ಹುಳಿ ಎದ್ದು ನಿಂತು ಸಿಹಿ ಹಿಂದೆ ಸರಿಯುತ್ತದೆ, ಒಣ ಕೊಬ್ಬರಿ ಕರ್ಜಿಕಾಯಿ ಜೊತೆಗಂತೂ ಸೈ. ಇದರಲ್ಲಿ ಕೆಡುವುದೆಂದರೆ ಮರುಹುಳಿತ. ಸಿಹಿ ಉಳಿದ ವೈನನ್ನು 0.45 ಮೈಕ್ರಾನ್ ಸೋಸುಕದಲ್ಲಿ ದಾಟಿಸದೆ ತುಂಬಿದರೆ ಉಳಿದ ಯೀಸ್ಟು ಬಾಟಲಿಯೊಳಗೇ ಕೆಲಸ ಶುರು ಮಾಡುತ್ತದೆ: ಮುಚ್ಚಳ ತಿರುಗಿಸಿದಾಗ ಸೋಡಾದಂತೆ ಸುಯ್ಯೆನ್ನುತ್ತದೆ, ತಳದಲ್ಲಿ ಗಸಿ. ಅದನ್ನು ತಡೆಯಲು ಪೊಟ್ಯಾಸಿಯಂ ಸಾರ್ಬೇಟ್ ಹಾಕುತ್ತಾರೆ; ಬ್ಯಾಕ್ಟೀರಿಯಾ ಉಳಿದಿದ್ದರೆ ಆ ಸಾರ್ಬೇಟನ್ನೇ ತಿಂದು ಜೆರೇನಿಯಂ ಎಲೆ ಉಜ್ಜಿದಂಥ ವಾಸನೆ ಬಿಡುತ್ತದೆ. ಆ ವಾಸನೆ ಬಂದರೆ ರಿಪೇರಿಯಿಲ್ಲ.

ಬಿಳಿ ವೈನುಗಳಲ್ಲಿ ಸೋವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ ಎರಡೇ ಎಲ್ಲ ಕಡೆ ಸಿಗುವವು. ಹೊಸ ಸೋವಿನ್ಯೋದಲ್ಲಿ ಗಜನಿಂಬೆ ಸಿಪ್ಪೆ, ಅರೆಹಣ್ಣಾದ ಸೀಬೆ, ಸ್ವಲ್ಪ ಹಸಿ ಹುಲ್ಲು ಇರಬೇಕು. ಶೆನಿನ್ ಸಾಮಾನ್ಯವಾಗಿ ಅರೆಸಿಹಿ. ಖಾರದ ಊಟಕ್ಕೆ ಇದೇ ಕೈಹಿಡಿಯುವುದು. ನಾಟಿಕೋಳಿ ಸಾರಿಗೆ ಕೆಂಪು ವೈನೇ ಆಗಬೇಕು ಎನ್ನುವವರು ಒಮ್ಮೆ ಹೋಲಿಸಿ ನೋಡಲಿ: ಶೇ 14ರ ಆಲ್ಕೋಹಾಲೂ ಒಗರೂ ಸೇರಿ ಬ್ಯಾಡಗಿಯಂಥ ಸೌಮ್ಯ ಮೆಣಸಿನಕಾಯಿಯನ್ನೂ ಗುಂಟೂರು ಮಾಡಿಬಿಡುತ್ತವೆ. ತಣ್ಣಗಿನ, ಒಂದಿಷ್ಟು ಸಿಹಿಯಿರುವ ಬಿಳಿ ವೈನು ಉರಿ ಇಳಿಸುತ್ತದೆ.

ಬಿಳಿ ವೈನಿನ ಆಯಸ್ಸು ಕಡಿಮೆ ಏಕೆ ಎನ್ನುವುದಕ್ಕೆ ಕಾರಣ ಬೇರಿನಲ್ಲಿದೆ. ಬರ, ಚೌಳು ತಾಳಲೆಂದು ಇಲ್ಲಿ ಬಹಳಷ್ಟು ಬಳ್ಳಿಗಳನ್ನು ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಕಸಿ ಮಾಡುತ್ತಾರೆ. ಅದು ಮಣ್ಣಿನಿಂದ ಪೊಟ್ಯಾಸಿಯಂ ಹೆಚ್ಚು ಎಳೆಯುತ್ತದೆ. ಪೊಟ್ಯಾಸಿಯಂ ರಸದ ಟಾರ್ಟರಿಕ್ ಆಮ್ಲವನ್ನು ಹರಳಾಗಿಸಿ ತಳಕ್ಕಿಳಿಸುತ್ತದೆ, ಪಿಎಚ್ ಏರುತ್ತದೆ, ಅಂದರೆ ಹುಳಿ ತಗ್ಗುತ್ತದೆ. ಬಿಳಿಗೆ 3.2–3.4, ಕೆಂಪಿಗೆ 3.5–3.7 ಚೆಂದ. 3.3ರಲ್ಲಿ ವೈನನ್ನು ಕಾಯುವ ಅದೇ ಕೆಲಸಕ್ಕೆ 3.9ರಲ್ಲಿ ಸುಮಾರು ನಾಲ್ಕು ಪಟ್ಟು ಸಲ್ಫೈಟ್ ಬೇಕು. ಅದಕ್ಕೇ ವೈನರಿಯವರು ರಸಕ್ಕೆ ಟಾರ್ಟರಿಕ್ ಆಮ್ಲ ಸೇರಿಸುತ್ತಾರೆ. ಹುದುಗುವ ಮೊದಲೇ ಸೇರಿಸಿದರೆ ಅದು ಬೆರೆಯುತ್ತದೆ. ಬಾಟಲಿ ತುಂಬುವ ಹೊತ್ತಿಗೆ ಗಾಬರಿಯಿಂದ ಸುರಿದರೆ ಒಗ್ಗರಣೆ ಹಾಕದ ಸಾರಿಗೆ ಮೇಲಿಂದ ಲಿಂಬೆ ಹಿಂಡಿದಂತೆ ಹುಳಿ ಬೇರೆಯೇ ನಿಲ್ಲುತ್ತದೆ. ಸಣ್ಣ ವೈನರಿಗಳ ಬಿಳಿ ವೈನಿನಲ್ಲಿ ಈ ದೋಷ ಆಗಾಗ ಸಿಗುತ್ತದೆ.

ರುಚಿ ನೋಡಿಸುವ ಕೊಠಡಿಗಳ ಬಗ್ಗೆ ದೂರು ಒಂದೇ, ಅದೂ ಎಲ್ಲರ ಮೇಲೂ: ಕೆಂಪು ವೈನನ್ನು ಬೆಚ್ಚಗೆ ಕೊಡುತ್ತಾರೆ. ‘ರೂಮ್ ಟೆಂಪರೇಚರ್’ ಎನ್ನುವುದು ಚಳಿದೇಶದ ಮನೆಯ 16–18 ಡಿಗ್ರಿ, ಚಿಕ್ಕಬಳ್ಳಾಪುರದ ಏಪ್ರಿಲಿನ 33 ಡಿಗ್ರಿಯಲ್ಲ. ಆ ಕಾವಿನಲ್ಲಿ ಆಲ್ಕೋಹಾಲು ಮೂಗಿಗೆ ಹೊಡೆದು ಹಣ್ಣು ಸತ್ತೇ ಹೋಗುತ್ತದೆ. ಸಂಕೋಚವಿಲ್ಲದೆ ಐಸು ಬೆರೆಸಿದ ನೀರಿನ ಬಕೆಟ್ ಕೇಳಿ, ಹತ್ತು ನಿಮಿಷ ಮುಳುಗಿಸಿದರೆ ಸಾಕು. ಬಿಳಿಯದ್ದು ಉಲ್ಟಾ ಸಮಸ್ಯೆ: ಫ್ರಿಜ್ಜಿನ 4 ಡಿಗ್ರಿಯಿಂದ ನೇರ ತಂದರೆ ವಾಸನೆಯೇ ಏಳುವುದಿಲ್ಲ, ಹದಿನೈದು ನಿಮಿಷ ಹೊರಗಿಡಬೇಕು. ಕ್ರಮ ತಪ್ಪಿಸಬೇಡಿ, ಬುರುಗಿನ ವೈನು, ಒಣ (ಸಿಹಿಯಿಲ್ಲದ) ಬಿಳಿ, ರೋಸೆ, ತೆಳು ಕೆಂಪು, ಗಟ್ಟಿ ಕೆಂಪು, ಕೊನೆಗೆ ಸಿಹಿ. ಒಮ್ಮೆ ಸಿಹಿ ಮುಟ್ಟಿದ ನಾಲಿಗೆಗೆ ಒಣ ವೈನು ಹುಳಿ ನೀರಿನಂತೆ ಕಾಣುತ್ತದೆ. ನಡುವೆ ನೀರು ಮತ್ತು ಉಪ್ಪಿಲ್ಲದ ಬ್ರೆಡ್ಡು. ಬಹಳ ಕಡೆ ತಟ್ಟೆಯಲ್ಲಿ ಮಸಾಲೆ ಕಡಲೆಬೀಜ ಇಡುತ್ತಾರೆ, ಅದನ್ನು ಕೊನೆಗೆ ತಿನ್ನಿ. ಒಂದು ಸುರಿತ 50 ಮಿಲಿ, ಆರು ಬಗೆ ಎಂದರೆ 300 ಮಿಲಿ. ಪೂರ್ತಿ ನುಂಗಿದರೆ ಅರ್ಧ ಬಾಟಲಿಗೆ ಹತ್ತಿರ. ಉಗುಳುವ ಪಾತ್ರೆ ಇಟ್ಟಿರುವುದು ಅದಕ್ಕೆ. ಗಾಡಿ ಓಡಿಸುವವರು ಮೂಸಿ, ಉಗುಳಿ ಮಾತ್ರ ನೋಡಬೇಕೆನ್ನುವುದೂ ಸಾಲದು, ಓಡಿಸಲು ಬೇರೆಯವರನ್ನು ಕರೆತರುವುದೇ ಸರಿ.

ಕೆಟ್ಟ ಬಾಟಲಿ ಗುರುತಿಸುವುದು ಕಷ್ಟವಲ್ಲ. ಕಾರ್ಕು ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಹೊದಿಕೆಯ ಕೆಳಗೆ ಅಂಟಂಟು ಕಲೆ ಇದ್ದರೆ ಕಾವು ತಿಂದಿದೆ, ಕೊಳ್ಳಲೇಬೇಡಿ. ಬಿಳಿ ವೈನು ಒಣಹುಲ್ಲಿನ ಬಣ್ಣದಿಂದ ಗಾಢ ಹಳದಿಗೆ ತಿರುಗಿ ಕತ್ತರಿಸಿಟ್ಟು ಕಂದಾದ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ನೆನೆದ ಗೋಣಿಚೀಲದ ಮುಗ್ಗಲು ವಾಸನೆ ಕಾರ್ಕಿನದು, ಹೊತ್ತಾದಷ್ಟೂ ಹೆಚ್ಚುತ್ತದೆ. ಉಗುರುಬಣ್ಣದ ಘಾಟು ಅಸಿಟಿಕ್ ಬ್ಯಾಕ್ಟೀರಿಯಾದ ಕೆಲಸ, ಒಡೆದ ಕಾಳು ಆರಿಸದೆ ಹಾಕಿದ್ದರ ಫಲ. ಕೊಳೆತ ಮೊಟ್ಟೆಯ ವಾಸನೆಗೆ ಮಾತ್ರ ಮದ್ದುಂಟು. ಹುದುಗುವಾಗ ಯೀಸ್ಟಿಗೆ ಸಾರಜನಕ ಸಾಲದೆ ಬಂದ ಗಂಧಕದ ವಾಸನೆ ಅದು. ಜೋರಾಗಿ ಆಡಿಸಿ ಹತ್ತು ನಿಮಿಷ ಬಿಟ್ಟರೆ ಬಹುಪಾಲು ಹೋಗುತ್ತದೆ. ತಳದಲ್ಲಿ ಹರಳು ಕಂಡರೆ ಗಾಜಿನ ಚೂರೆಂದು ಜಗಳಕ್ಕೆ ಹೋಗಬೇಡಿ, ಅದು ಮೇಲೆ ಹೇಳಿದ ಟಾರ್ಟರಿಕ್ ಆಮ್ಲದ ಹರಳೇ, ನಿರಪಾಯ.

ಕೊಳ್ಳುವಾಗ ಲೆಕ್ಕ ಸುಲಭ. ಬಿಳಿ ಮತ್ತು ರೋಸೆ ತಯಾರಾಗಿ ಒಂದೂವರೆ ವರ್ಷ ದಾಟಿರಬಾರದು, ಓಕ್ ಕಾಣದ ಕೆಂಪು ಮೂರು ವರ್ಷ, ರಿಸರ್ವ್ ಐದಾರು ವರ್ಷ ತಡೆಯುತ್ತದೆ. ಒಂದೇ ವೈನು ಎರಡು ಅಂಗಡಿಯಲ್ಲಿ ಸಿಕ್ಕರೆ ಎಸಿ ಇರುವ ಕಡೆ ಕೊಳ್ಳಿ, ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿಟ್ಟ ಬಾಟಲಿ ಬಿಟ್ಟು ಹಿಂದಿನ ಸಾಲಿನದನ್ನು ಕೇಳಿ. ವೈನರಿಯಲ್ಲೇ ಕೊಂಡರೆ ಬಿಲ್ ಇಟ್ಟುಕೊಳ್ಳಿ, ಬೇರೆ ರಾಜ್ಯಕ್ಕೆ ಒಯ್ಯುವವರು ಆ ರಾಜ್ಯದ ಅಬಕಾರಿ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ಇಷ್ಟೆಲ್ಲ ಆರಿಸಿ ಕೊಂಡ ಬಾಟಲಿಯನ್ನು ಕಾರಿನ ಡಿಕ್ಕಿಗೆ ಹಾಕಿ, ದಾರಿಯಲ್ಲಿ ತಟ್ಟೆ ಇಡ್ಲಿಗೆಂದು ಬಿಸಿಲಲ್ಲಿ ಗಾಡಿ ನಿಲ್ಲಿಸಿದರೆ ಒಂದು ಗಂಟೆಯಲ್ಲಿ ಎಲ್ಲ ಹಾಳು. ಥರ್ಮೋಕೋಲ್ ಡಬ್ಬಿ, ಒಳಗೆ ಒದ್ದೆ ಟವೆಲ್ಲು ಸುತ್ತಿದ ಎರಡು ಐಸ್ ಪ್ಯಾಕು, ಡಬ್ಬಿ ಹಿಂದಿನ ಸೀಟಿನ ಕಾಲಬುಡದಲ್ಲಿ. ಮನೆಗೆ ಬಂದ ಮೇಲೆ ಕಾರ್ಕಿನ ಬಾಟಲಿ ಅಡ್ಡ, ತಿರುಗಿಸುವ ಮುಚ್ಚಳದ್ದು ಹೇಗಿದ್ದರೂ ಸರಿ. ಒಂದು ವಾರ ಅಲುಗಾಡಿಸದೆ ಬಿಟ್ಟು ಆಮೇಲೆ ತೆಗೆಯಿರಿ.